ಒದ್ದೆ ಕೈಯ ಪರೀಕ್ಷೆ

ನಮ್ಮ ಮನೆಯಲ್ಲಿ ಒದ್ದೆ ಕೈಯಲ್ಲಿ ಚಾವಡಿಗೆ ಬರುವಂತಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಕೈ ತೊಳೆದು ಬಾ ಎಂದು ಹೇಳಿದರೆ ನಮ್ಮಲ್ಲಿ ಕೈ ಒರೆಸಿ ಬಾ ಎಂದು ಕೂಗುತ್ತಿದ್ದರು. ಊಟ ಮುಗಿಸಿ ಹಿತ್ತಿಲಲ್ಲಿ ಕೈ ತೊಳೆದು, ಲಂಗಕ್ಕೆ ಒರೆಸಿ, ಅದು ಸಾಲದೆ ಗಾಳಿಗೆ ಬೀಸಿ, ಬೆರಳ ಸಂದಿಗಳನ್ನು ನಾನೇ ನೋಡಿಕೊಂಡು ಆಮೇಲೆ ಹೊಸ್ತಿಲು ದಾಟಬೇಕು. ಮುಂದೆ ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಟೀಚರಾದಾಗ, ಮಕ್ಕಳ ಮುಖ ನೋಡುವ ಮೊದಲು ಕೈ ನೋಡುವ ನನ್ನ ಚಾಳಿಯನ್ನು ಅವರು ಹಿಂದಿನಿಂದ ಅಣಕಿಸುತ್ತಿದ್ದುದು ನನಗೆ ಗೊತ್ತಿತ್ತು. ಅಣಕಿಸಲಿ ಎಂದು ಬಿಟ್ಟಿದ್ದೆ. ನಿಂತಲ್ಲಿ ನಿಲ್ಲಲಾರದ, ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ತಳ್ಳಿ ನೋಡದೆ ಮಲಗಲಾರದ ಈ ಸ್ವಭಾವ ನಾನು ಹುಟ್ಟುವಾಗ ತಂದದ್ದಲ್ಲ. ಅದು ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಒಂದೆರಡು ವರ್ಷಗಳಲ್ಲಿ ನನ್ನೊಳಗೆ ಬಂದು ಕೂತದ್ದು.

ಸಮುದ್ರ ನಮ್ಮ ಮನೆಗೆ ಕಾಣುತ್ತಿರಲಿಲ್ಲ, ಆದರೆ ಅದರ ಉಪ್ಪು ಎಲ್ಲ ಕಡೆಯೂ ಇತ್ತು. ಬಾಗಿಲ ಚಿಲಕ, ಬಾವಿಯ ರಾಟೆ, ಅಜ್ಜಿಯ ಎಲೆಯಡಿಕೆ ಡಬ್ಬಿಯ ಮುಚ್ಚಳ, ಎಲ್ಲಕ್ಕೂ ತುಕ್ಕು. ಮಳೆಗಾಲದಲ್ಲಿ ಗೋಡೆಗೆ ಅಂಗೈ ಇಟ್ಟರೆ ತೇವ ಅಂಟುತ್ತಿತ್ತು. ನಮ್ಮದು ಅಳಿಯಸಂತಾನದ ಮನೆ, ಹಾಗಾಗಿ ಅಮ್ಮನ ತವರೂ ನಮ್ಮ ಮನೆಯೂ ಒಂದೇ. ಅಜ್ಜಿ, ಅಮ್ಮ, ಅಮ್ಮನ ತಮ್ಮ ಶೀನ ಮಾವ, ನಾನು. ಅಪ್ಪ ಉದ್ಯಾವರದ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಸಂಜೆ ಮೈಯೆಲ್ಲ ಕೆಂಪು ಧೂಳಾಗಿ ಬರುತ್ತಿದ್ದರು. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು. ಮಾವ ಮಾತ್ರ ಬೊಂಬಾಯಿಯಿಂದ ಮರಳಿದ ಮೇಲೆ ಗಿರಾಕಿಗಳ ಹತ್ತಿರ ಕನ್ನಡ ಆಡಲು ಕಲಿತಿದ್ದ.

ಬೊಂಬಾಯಿಯಲ್ಲಿ ಅವನು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಯಾರದೋ ಅಂಗಡಿಯಲ್ಲಿ ಕೂತು ರೇಡಿಯೊ ರಿಪೇರಿ ಕಲಿತಿದ್ದ. ನಮ್ಮ ಕಡೆಗೆ ಕರೆಂಟು ಬಂತೆಂಬ ಸುದ್ದಿ ಕೇಳಿದ್ದೇ ಊರಿಗೆ ಬಂದು, ಚಾವಡಿಯ ಬಡಗಣ ಮೂಲೆಯಲ್ಲಿ ಮೇಜು ಹಾಕಿಬಿಟ್ಟ. ಕಾರ್ಕಳದಿಂದ ಬಸ್ಸಿನ ಮೇಲೆ ಗೋಣಿ ಸುತ್ತಿಕೊಂಡು, ಉಡುಪಿಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರೇಡಿಯೊಗಳು ಬರತೊಡಗಿದವು. ದೊಡ್ಡ ಮರದ ಪೆಟ್ಟಿಗೆಗಳು. ಹಿಂದಿನ ಹಲಗೆ ತೆಗೆದರೆ ಒಳಗೆ ಗಾಜಿನ ವಾಲ್ವುಗಳು ದೇವರ ದೀಪದ ಹಾಗೆ ಸಣ್ಣಗೆ ಕೆಂಪಾಗಿ ಉರಿಯುತ್ತಿದ್ದವು. ಬೆಸುಗೆಯ ರಾಳದ ಹೊಗೆ ಮೀನು ಸಾರಿನ ವಾಸನೆಯ ಜೊತೆ ಸೇರಿ ಮನೆಗೊಂದು ಹೊಸ ವಾಸನೆ ಬಂತು. ಅಜ್ಜಿಗೆ ಅದು ಆಗುತ್ತಿರಲಿಲ್ಲ. ಮಾವನ ಮೇಜಿನ ಬದಿಯಿಂದ ದಾಟುವಾಗ ಮೂಗಿಗೆ ಸೆರಗು ಹಿಡಿದು, ಸತ್ತವರ ಮನೆಗೆ ಹೋದವಳ ಹಾಗೆ ದಾಟುತ್ತಿದ್ದಳು.

ಕೆಲಸಕ್ಕೆ ಕೂರುವಾಗ ಮಾವ ಕಾಲ ಕೆಳಗೆ ಹಲಗೆ ಹಾಕುತ್ತಿದ್ದ, ರಬ್ಬರಿನ ಚಪ್ಪಲಿ ಮೆಟ್ಟುತ್ತಿದ್ದ. ಕರೆಂಟು ಇರುವ ಪೆಟ್ಟಿಗೆಯೊಳಗೆ ಬಲಗೈ ಹಾಕಿದರೆ ಎಡಗೈ ಬೆನ್ನ ಹಿಂದೆ ಹೋಗುತ್ತಿತ್ತು. ಎರಡೂ ಕೈ ಹಾಕಿದರೆ ಕರೆಂಟು ಎದೆಯ ಮೂಲಕ ದಾಟುತ್ತದೆ ಎಂದು ನನಗೆ ಹೇಳಿದ್ದ. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ, ಅದನ್ನು ಮೊದಲು ಖಾಲಿ ಮಾಡಬೇಕು ಎಂದೂ ಹೇಳಿದ್ದ. ಅಂದರೆ ಅವನಿಗೆ ಎಲ್ಲವೂ ಗೊತ್ತಿತ್ತು. ಆದರೆ ಆ ಎಚ್ಚರವೆಲ್ಲ ಮೇಜಿನ ಮುಂದೆ ಕೂತವನಿಗೆ. ಪೆಟ್ಟಿಗೆ ಮೇಜಿನಿಂದ ಇಳಿದ ಮೇಲೆ ಅದನ್ನು ಯಾರು ಮುಟ್ಟುತ್ತಾರೆ ಎಂಬುದು ಆಗಿನ್ನೂ ಅವನ ಯೋಚನೆಗೆ ಬಂದಿರಲಿಲ್ಲ.

ಅದೊಂದು ಮಧ್ಯಾಹ್ನ. ಕಾರ್ಕಳದ ಒಬ್ಬ ವ್ಯಾಪಾರಿಯ ರೇಡಿಯೊವನ್ನು ಹಾಡಲು ಬಿಟ್ಟು, ಅದರ ಒಂದು ಗುಂಡಿ ಸೀಳಿದ್ದರಿಂದ ಬೇರೆ ಗುಂಡಿ ತರಲು ಮಾವ ಪೇಟೆಗೆ ಹೋಗಿದ್ದ. ಗುಂಡಿ ಇರಬೇಕಾದಲ್ಲಿ ಬರಿಯ ಕಬ್ಬಿಣದ ಕಡ್ಡಿ ಹೊರಗೆ ಚಾಚಿಕೊಂಡಿತ್ತು. ನಾನು ನೆಲದ ಮೇಲೆ ಬೋರಲು ಮಲಗಿ ಕಾಪಿ ಬರೆಯುತ್ತಿದ್ದೆ. ಒಳಗಿನಿಂದ ಅಜ್ಜಿ, ಅದರ ಗಂಟಲು ಒತ್ತು ಮಾರಾಯ್ತಿ, ಒಂದು ಗಳಿಗೆ ನಿದ್ದೆ ಮಾಡುತ್ತೇನೆ ಎಂದಳು. ಹಿತ್ತಿಲಲ್ಲಿ ಬಂಗುಡೆ ತೊಳೆಯುತ್ತಿದ್ದ ಅಮ್ಮ ಹಾಗೆಯೇ ಎದ್ದು ಬಂದು ಸ್ವರ ಸಣ್ಣ ಮಾಡಲು ಆ ಕಡ್ಡಿಯನ್ನು ಹಿಡಿದಳು.

ಅಮ್ಮ ಕೂಗಲಿಲ್ಲ. ಗಂಟಲಲ್ಲೇ ಸಿಕ್ಕಿಬಿದ್ದ ಒಂದು ಶಬ್ದ ಬಂತು, ಅಷ್ಟೆ. ಅವಳ ತೋಳು, ಕತ್ತು, ದವಡೆ ಎಲ್ಲ ಒಂದೇ ಕಡೆಗೆ ಎಳೆದುಕೊಂಡು ಅವಳು ಅಮ್ಮನ ಹಾಗೆ ಕಾಣಲಿಲ್ಲ. ನಾನು ಎದ್ದು ಓಡಿದೆ. ಬಾಗಿಲಿಗೆ ಬಂದ ಅಜ್ಜಿ ಕಿರುಚಿದಳು.

"ಮುಟ್ಟಬೇಡ! ಅವಳನ್ನು ಮುಟ್ಟಬೇಡ!"

ಮುಟ್ಟಬೇಡ ಎಂಬ ಮಾತು ನಮ್ಮ ಮನೆಯಲ್ಲಿ ದಿನಕ್ಕೆಷ್ಟೋ ಸಲ ಕೇಳುತ್ತಿತ್ತು. ಮಡಿಗೆ, ಮೈಲಿಗೆಗೆ, ಉಪ್ಪಿನಕಾಯಿ ಭರಣಿಗೆ. ಆ ದಿನ ಮಾತ್ರ ನಾನು ಕೇಳಿದ ಕೂಡಲೇ ನಿಂತೆ. ಅಷ್ಟರಲ್ಲಿ ಅಮ್ಮ ಹಿಂದಕ್ಕೆ ಬಿದ್ದಳು, ಬಿದ್ದ ಭಾರಕ್ಕೆ ಕೈ ಬಿಟ್ಟುಕೊಂಡಿತು. ಅದರಿಂದ ಬದುಕಿದಳು. ಅವಳು ನೆಲದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾಗಲೂ ರೇಡಿಯೊ ಹಾಡುತ್ತಲೇ ಇತ್ತು. ಒಂದು ಚೂರೂ ಸ್ವರ ಬದಲಾಗಲಿಲ್ಲ. ನನಗೆ ಆ ಪೆಟ್ಟಿಗೆಯ ಬಗ್ಗೆ ಹೆದರಿಕೆ ಹುಟ್ಟಿದ್ದು ಅದಕ್ಕಾಗಿಯೇ.

ಆ ಜಾತಿಯ ರೇಡಿಯೊಗಳ ಗುಟ್ಟನ್ನು ಮಾವ ಆಮೇಲೆ ವಿವರಿಸಿದ. ದುಬಾರಿ ಸೆಟ್ಟುಗಳಲ್ಲಿ ಗೋಡೆಯ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ. ಗೋಡೆಯ ಒಂದು ತಂತಿ ನೇರವಾಗಿ ಒಳಗಿನ ತಗಡಿಗೇ ಬಂದು ಸೇರುತ್ತದೆ. ಆಗಿನ ಪ್ಲಗ್ಗಿಗೆ ಎರಡೇ ಕಡ್ಡಿ, ಹೇಗೆ ಬೇಕಾದರೂ ಸಿಕ್ಕಿಸಬಹುದು. ಒಂದು ರೀತಿ ಸಿಕ್ಕಿಸಿದರೆ ತಗಡು ಸುಮ್ಮನಿರುತ್ತದೆ, ತಿರುಗಿಸಿ ಸಿಕ್ಕಿಸಿದರೆ ಅದೇ ತಗಡು, ಅದಕ್ಕೆ ಅಂಟಿದ ಕಡ್ಡಿ, ಸ್ಕ್ರೂ ಎಲ್ಲವೂ ಕರೆಂಟು. ಹಾಡು ಮಾತ್ರ ಎರಡು ರೀತಿಯಲ್ಲೂ ಒಂದೇ.

ಆ ರಾತ್ರಿ ಊಟಕ್ಕೆ ಕೂತ ಅಪ್ಪ ಅನ್ನ ಮುಟ್ಟಲಿಲ್ಲ.

"ನಾಳೆ ಈ ಪೆಟ್ಟಿಗೆಗಳು ಒಂದೂ ಇಲ್ಲಿ ಇರಬಾರದು. ಇದ್ದರೆ ನಾನು ಇರುವುದಿಲ್ಲ."

ಅಪ್ಪ ಹಾಗೆ ಹೇಳಿದರೂ ಅದು ಅವರ ಮನೆಯಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಕೂಡ. ಮಾವ ತಲೆ ಎತ್ತಲಿಲ್ಲ. ನಾನು ಬೊಂಬಾಯಿಗೆ ಹೋಗುತ್ತೇನೆ ಭಾವ ಎಂದಷ್ಟೇ ಹೇಳಿ ಎಲೆ ಮಡಚಿ ಎದ್ದ. ಒಳಗೆ ಮಲಗಿದ್ದ ಅಮ್ಮನ ಬಲಗೈ ಇನ್ನೂ ಜೋಮು ಹಿಡಿದಂತಿತ್ತು. ಎರಡು ಬೆರಳ ತುದಿಯಲ್ಲಿ ಕಪ್ಪು ಚುಕ್ಕೆ. ಅವಳು ಕೆಲವು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಾವ ಟ್ರಂಕು ತುಂಬಿದ. ಹೊರಡುವ ಹಿಂದಿನ ದಿನ ಅಮ್ಮ ಎದ್ದು ಚಾವಡಿಗೆ ಬಂದು ಆ ಟ್ರಂಕಿನ ಮೇಲೆಯೇ ಕೂತಳು.

"ಎಲ್ಲಿಗೆ ಹೋಗುವುದು ನೀನು?"

"ಇನ್ನು ಈ ಕೆಲಸ ಬೇಡ ಅಕ್ಕ."

"ನಿನಗೆ ಬೇರೆ ಎಂತ ಬರುತ್ತದೆ? ಬೊಂಬಾಯಿಗೆ ಹೋಗಿಯೂ ಇದನ್ನೇ ಮಾಡುತ್ತೀ. ಅಲ್ಲಿಯೂ ಮನೆ ಉಂಟು, ಮನೆಯಲ್ಲಿ ಹೆಂಗಸರು ಉಂಟು. ಅವರ ಕೈ ಯಾವಾಗ ಒಣಗಿರುತ್ತದೆ ಹೇಳು."

ಮಾವ ಬಗ್ಗಿ ಟ್ರಂಕಿನ ಹಿಡಿಯನ್ನು ಜಗ್ಗಿದ.

"ಇಲ್ಲೇ ಮಾಡು. ಆದರೆ ಒಂದು ಮಾತು. ನೀನು ಸರಿ ಮಾಡಿದ ಪೆಟ್ಟಿಗೆಯನ್ನು ನಾನು ಒದ್ದೆ ಕೈಯಲ್ಲಿ ಮುಟ್ಟಿದ ಮೇಲೆಯೇ ಅದು ಈ ಹೊಸ್ತಿಲು ದಾಟಬೇಕು."

ಯಾವ ಪುಸ್ತಕದಲ್ಲೂ ಇಲ್ಲದ, ಯಾರೂ ಯಾವತ್ತೂ ಮಾಡಬಾರದ ಪರೀಕ್ಷೆ ಅದು. ಅಜ್ಜಿ ತಲೆ ಚಚ್ಚಿಕೊಂಡಳು. ಮಾವ ಕಾಲು ಹಿಡಿಯುವುದೊಂದು ಬಾಕಿ. ಅಮ್ಮ ಕದಲಲಿಲ್ಲ. ತಮ್ಮನಿಗೆ ಬೇರೆಯವರ ಮನೆಯ ಹೆಂಗಸರ ಜೀವದ ಬಗ್ಗೆ ಹೆದರಿಕೆ ಹುಟ್ಟದಿದ್ದರೆ ಅಕ್ಕನ ಜೀವದ ಬಗ್ಗೆಯಾದರೂ ಹುಟ್ಟಲಿ ಎಂಬುದು ಅವಳ ಲೆಕ್ಕ. ಅದು ಹುಟ್ಟಿತು ಕೂಡ. ಮಾವ ಬೇರೆಯೇ ಮನುಷ್ಯನಾದ. ಮೊದಲು ಸೀಟಿ ಹೊಡೆಯುತ್ತಾ ಕೆಲಸ ಮಾಡುತ್ತಿದ್ದವನು ಈಗ ಉಸಿರು ಬಿಗಿಹಿಡಿದು ಮಾಡುತ್ತಿದ್ದ. ಗೋಡೆಯಿಂದ ಪೆಟ್ಟಿಗೆಗೆ ಬರುವ ವಯರನ್ನು ಉದ್ದಕ್ಕೂ ಬೆರಳಲ್ಲಿ ಹಿಸುಕಿ ನೋಡುವುದು, ಎಲ್ಲಿ ಇಲಿ ಕಡಿದಿದೆ, ಎಲ್ಲಿ ರಬ್ಬರು ಬಿರಿದಿದೆ ಎಂದು. ಒಳಗೆ ಅದು ಗಂಟು ಬಿದ್ದು ಗಟ್ಟಿಯಾಗಿ ನಿಂತಿದೆಯೇ ಎಂದು ಜಗ್ಗುವುದು. ಗುಂಡಿಗಳ ಬದಿಯ ಸ್ಕ್ರೂ ತಲೆಗಳು ಒಳಗೆ ಹೂತಿರುವಂತೆ ತಿರುಗಿಸಿ ಮೇಲೆ ಮೇಣ ಕರಗಿಸಿ ತುಂಬುವುದು. ಹಿಂದಿನ ಹಲಗೆ ಇಲ್ಲದೆ ಬಂದ ಪೆಟ್ಟಿಗೆಗೆ ಹೊಸ ಹಲಗೆ ಹೊಡೆಯುವುದು. ಕೊನೆಗೆ ಪ್ಲಗ್ ಸಿಕ್ಕಿಸಿ, ಕರೆಂಟು ತಾಗಿದರೆ ಕೆಂಪಾಗಿ ಹೊತ್ತುವ ಟೆಸ್ಟರನ್ನು ಕೈಗೆಟಕುವ ಒಂದೊಂದು ಜಾಗಕ್ಕೂ ಇಡುವುದು, ಪ್ಲಗ್ ತಿರುಗಿಸಿ ಸಿಕ್ಕಿಸಿ ಮತ್ತೆ ಎಲ್ಲ ಕಡೆ ಇಡುವುದು. ಅಷ್ಟಾದರೂ ಅಮ್ಮನನ್ನು ಕರೆಯಲು ಬಾಯಿ ಬರದೆ ಮೇಜಿನ ಸುತ್ತ ತಿರುಗುತ್ತಿದ್ದ.

ಅವನು ಕರೆದ ಮೇಲೆ ಅಮ್ಮ ಬಾವಿಯ ಹತ್ತಿರ ಹೋಗಿ ಕೈಗೆ ನೀರು ಹೊಯ್ದುಕೊಂಡು ಬರಿಗಾಲಲ್ಲಿ ಜಗಲಿಗೆ ಬರುತ್ತಿದ್ದಳು. ಮೊದಲ ಸಲ ಮಾವ ಬೇಡಿಕೊಂಡ.

"ಹಿಂಗೈಯಲ್ಲಾದರೂ ಮುಟ್ಟಿ ಅಕ್ಕ. ಹೊಡೆದರೆ ಕೈ ತಾನಾಗಿ ಹಿಂದೆ ಬರುತ್ತದೆ."

"ರೇಡಿಯೊ ತಿರುಗಿಸುವವರು ಹಿಂಗೈಯಲ್ಲಿ ತಿರುಗಿಸುತ್ತಾರಾ?"

ಗುಂಡಿಯನ್ನು ಬೆರಳುಗಳಿಂದಲೇ ಹಿಡಿದು ತಿರುಗಿಸುತ್ತಿದ್ದಳು. ನೀರು ಪೆಟ್ಟಿಗೆಯ ಮೈಯಿಂದ ಇಳಿಯುತ್ತಿತ್ತು. ಹೂಂ, ಕೊಂಡುಹೋಗಲಿ ಎನ್ನುತ್ತಿದ್ದಳು.

ಅಪ್ಪನಿಗೆ ಇದು ತಿಳಿದಾಗ ಮತ್ತೆ ಜಗಳವಾಯಿತು, ಅಮ್ಮ ಬಗ್ಗಲಿಲ್ಲ. ಅಪ್ಪ ಮಾವನೊಡನೆ ಮಾತು ಬಿಟ್ಟರು. ಆಮೇಲೆ ಅಪ್ಪ ಮನೆಯಲ್ಲಿರುವಾಗ ಮಾವ ಅಮ್ಮನನ್ನು ಕರೆದರೆ ಅವರು ಸುಮ್ಮನೆ ಸೈಕಲ್ ತೆಗೆದು ಹೊರಟುಬಿಡುತ್ತಿದ್ದರು. ಅಜ್ಜಿ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನಗೆ ಹೋಗಲು ಎಲ್ಲಿಯೂ ಜಾಗವಿರಲಿಲ್ಲ. ನೋಡಲೂ ಆಗದು, ನೋಡದಿರಲೂ ಆಗದು. ಶಾಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದಾಗ, ಈಗ ಮನೆಯಲ್ಲಿ ಮಾವ ಕರೆದಿರಬಹುದು ಎಂದು ಬರೆದ ಅಂಕಿಯನ್ನೇ ಮತ್ತೆ ಬರೆಯುತ್ತಿದ್ದೆ. ಮನೆಗೆ ಓಡಿ ಬಂದು ಅಂಗಳದಿಂದಲೇ ಅಮ್ಮಾ ಎಂದು ಕೂಗುವುದು, ಅವಳು ಓ ಎಂದ ಮೇಲೆಯೇ ಚೀಲ ಇಳಿಸುವುದು. ರಾತ್ರಿ ಅವಳ ಬಲಗೈಯನ್ನು ಹಿಡಿದುಕೊಂಡೇ ಮಲಗುತ್ತಿದ್ದೆ, ಎಡಗೈ ಕೊಟ್ಟರೆ ಬೇಡ. ಕೊನೆಗೆ ನನಗೆ ನಾನೇ ಒಂದು ಕೆಲಸ ಹುಡುಕಿಕೊಂಡೆ. ಜಗಲಿಯ ಗೋಡೆಯಲ್ಲಿ ಮನೆಯ ಮೈನ್ ಸ್ವಿಚ್ ಇತ್ತು, ಬದಿಯಲ್ಲಿ ಹಿಡಿಯಿರುವ ಕಬ್ಬಿಣದ ಪೆಟ್ಟಿಗೆ. ಆ ಹಿಡಿಯನ್ನು ಕೆಳಗೆ ಎಳೆದರೆ ಇಡೀ ಮನೆಯ ಕರೆಂಟು ಹೋಗುತ್ತದೆಂದು ಮಾವ ತೋರಿಸಿದ್ದ. ಅಮ್ಮ ಬಾವಿಯ ಕಡೆ ಹೊರಟ ಕೂಡಲೇ ನಾನು ಕೈಯನ್ನು ಲಂಗಕ್ಕೆ ಉಜ್ಜಿ ಒಣಗಿಸಿಕೊಂಡು, ಒಂದು ಮಣೆಯ ಮೇಲೆ ಹತ್ತಿ, ಆ ಹಿಡಿ ಹಿಡಿದು ನಿಲ್ಲುತ್ತಿದ್ದೆ. ಯಾರೂ ನಿಲ್ಲು ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಹೀಗೆ ಒಂದು ಮಳೆಗಾಲ ಕಳೆಯಿತು.

ಮಳೆ ನಿಂತ ಮೇಲೆ ಶಂಕರಪುರದಿಂದ ಲಿಲ್ಲಿ ಬಾಯಮ್ಮ ಎಂಬವರು ಒಂದು ರೇಡಿಯೊ ತಂದುಕೊಟ್ಟರು. ಮಲ್ಲಿಗೆ ಬೆಳೆದು, ಕಟ್ಟಿ, ಮಾರಿ ಬದುಕುತ್ತಿದ್ದ ಕೊಂಕಣಿ ಮಾತಿನ ಕ್ರಿಸ್ತುವ ಹೆಂಗಸು. ಹಡಗಿನಲ್ಲಿ ಕೆಲಸಕ್ಕಿದ್ದ ಮಗ ತಂದುಕೊಟ್ಟ ರೇಡಿಯೊ ಅದು, ಅಮ್ಮನಿಗೆ ಹೊಡೆದ ಅದೇ ಜಾತಿಯದು. ಮಾವ ಒಂದು ವಾರ ಅದರ ಜೊತೆ ಒದ್ದಾಡಿ ಸರಿ ಮಾಡಿದ. ಬಾಯಮ್ಮ ಬರುವ ದಿನ ಬೆಳಿಗ್ಗೆಯೇ ಅವನ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ಮಧ್ಯಾಹ್ನ ಕಳೆದು ಅವರು ಬಂದರು. ಜಗಲಿಯಲ್ಲಿ ಇಟ್ಟಿದ್ದ ರೇಡಿಯೊ ನೋಡಿ ಸಂತೋಷದಿಂದ ಗುಂಡಿ ತಿರುಗಿಸಿದರು. ಕರೆಂಟು ಇನ್ನೂ ಕೊಟ್ಟಿರಲಿಲ್ಲ. ಗುಂಡಿ ಕಡ್ಡಿಯ ಮೇಲೆ ಜಾರಿ ಸುಮ್ಮನೆ ತಿರುಗಿತು.

"ಇದೊಂದು ಸಡಿಲ ಉಂಟಲ್ಲ ಶೀನಣ್ಣ."

"ಒಂದು ನಿಮಿಷ ಬಾಯಮ್ಮ, ಈಗ ಬಿಗಿ ಮಾಡಿ ಕೊಡುತ್ತೇನೆ."

"ಬೇಗ ಆಗಬೇಕು ಮಾರಾಯರೆ, ಬಸ್ಸು ತಪ್ಪಿದರೆ ನಾನು ಇದನ್ನು ಹೊತ್ತು ನಡೆಯಬೇಕು."

ಮಾವ ಮೇಣ ಕೆರೆದು ಸ್ಕ್ರೂ ತೆಗೆದ. ಅದರ ಹಲ್ಲು ಸವೆದಿತ್ತು. ಡಬ್ಬಿಯಲ್ಲಿ ಕೈಗೆ ಸಿಕ್ಕ ಇನ್ನೊಂದನ್ನು ಹಾಕಿ ಬಿಗಿದ. ಪ್ಲಗ್ ಸಿಕ್ಕಿಸಿದ. ರೇಡಿಯೊ ಹಾಡಿತು, ಗುಂಡಿ ಚೆನ್ನಾಗಿ ತಿರುಗಿತು. ಬಾಯಮ್ಮ ಕೈ ಮುಗಿದು ನಕ್ಕರು. ಬಸ್ಸಿನ ಅವಸರದಲ್ಲಿ ಮಾವ ಕರೆದೇಬಿಟ್ಟ.

"ಅಕ್ಕಾ, ಬನ್ನಿ."

ಅಮ್ಮ ಕೈಯಿಂದ ನೀರು ಸುರಿಸಿಕೊಂಡು ಬಂದಳು. ನಾನು ಮಣೆ ಹತ್ತಿ ಹಿಡಿ ಹಿಡಿದಿದ್ದೆ. ನನಗೆ ಏನೂ ಕಂಡಿರಲಿಲ್ಲ, ಏನೂ ಹೊಳೆದಿರಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮುಂದೆ ಅಜ್ಜಿ ಇದನ್ನು ನೆರೆಕರೆಯವರಿಗೆ ಬೇರೆ ಥರ ಹೇಳುತ್ತಿದ್ದಳು, ನನ್ನ ಮೈಮೇಲೆ ದೈವ ಬಂದಂತೆ. ಅಂಥದ್ದೇನೂ ಇಲ್ಲ. ಇಷ್ಟು ದಿನ ತಡೆದು ನಿಂತಿದ್ದವಳಿಗೆ ಆ ದಿನ ತಡೆಯಲು ಆಗಲಿಲ್ಲ, ಅಷ್ಟೆ. ಅಮ್ಮನ ಬೆರಳು ಗುಂಡಿಯ ಹತ್ತಿರ ಹೋಗುತ್ತಿರುವಾಗ ನನ್ನ ಕೈ ತಾನಾಗಿ ಹಿಡಿಯನ್ನು ಕೆಳಗೆ ಎಳೆಯಿತು. ಹಾಡು ಕ್ಷೀಣವಾಗಿ ನಿಂತಿತು.

"ಎಂತ ಮಾಡಿದೆ ನೀನು? ಬಸ್ಸಿಗೆ ಹೊತ್ತಾಯಿತು!" ಮಾವ ಗದರಿದ.

ನಾನು ಅಳತೊಡಗಿದೆ. ಅಮ್ಮ ಬೈಯಲಿಲ್ಲ. ಹೆದರಿದ್ದಾಳೆ, ಇನ್ನೊಮ್ಮೆ ಮೊದಲಿನಿಂದ ನೋಡಿ ಕೊಡು ಶೀನ ಎಂದಳು. ಮಾವ ಸಿಡುಕುತ್ತಲೇ ಪ್ಲಗ್ ಕಿತ್ತ. ನನ್ನನ್ನು ಮಣೆಯಿಂದ ಇಳಿಸಿ ಹಿಡಿಯನ್ನು ಮೇಲೆ ಎತ್ತಿದ. ಮತ್ತೆ ಪ್ಲಗ್ ಸಿಕ್ಕಿಸಿ, ಇವಳ ಸಮಾಧಾನಕ್ಕೆ ಎನ್ನುತ್ತಾ ಹೊಸ ಸ್ಕ್ರೂವಿನ ಮೇಲೆ ಟೆಸ್ಟರ್ ಇಟ್ಟ.

ಟೆಸ್ಟರ್ ಕೆಂಪಾಗಿ ಹೊತ್ತಿತು.

ಮಾವ ಅದನ್ನು ತೆಗೆದು ಮತ್ತೆ ಇಟ್ಟ. ಮತ್ತೆ ಹೊತ್ತಿತು. ಅವಸರದಲ್ಲಿ ಹಾಕಿದ ಸ್ಕ್ರೂ ಉದ್ದದ್ದು, ಅದರ ತಲೆ ಗುಂಡಿಯಿಂದ ಕೂದಲೆಳೆಯಷ್ಟು ಹೊರಗೆ ನಿಂತಿತ್ತು. ಅದರ ಮೇಲೆ ಮೇಣವೂ ಇರಲಿಲ್ಲ. ಅವನು ಪ್ಲಗ್ ತಿರುಗಿಸಿ ಸಿಕ್ಕಿಸಿದ, ಆಗ ಟೆಸ್ಟರ್ ಹೊತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದ, ಹೊತ್ತಿತು. ಆಮೇಲೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅದರ ಒಂದು ಬದಿಯಲ್ಲಿದ್ದ ಒಡಕನ್ನೇ ನೋಡುತ್ತಾ ಕೂತ.

"ನಾನು ಮೊದಲು ಹಾಕುವಾಗ ಈ ಒಡಕು ಮೇಲಿತ್ತು ಅಕ್ಕ, ಅದು ಹೊಡೆಯದ ರೀತಿ. ನೀವು ಆಗ ಮುಟ್ಟಿದ್ದರೆ ನಿಮಗೆ ಎಂತದ್ದೂ ಆಗುತ್ತಿರಲಿಲ್ಲ."

"ಆಗದಿದ್ದರೆ ಒಳ್ಳೆಯದೇ ಅಲ್ವಾ?"

"ಒಳ್ಳೆಯದಲ್ಲ. ನೀವು ಹೂಂ ಎನ್ನುತ್ತಿದ್ದಿರಿ, ನಾನು ಕೊಟ್ಟು ಕಳುಹಿಸುತ್ತಿದ್ದೆ. ಇವರು ಮನೆಗೆ ಹೋಗಿ ಪ್ಲಗ್ ಹೇಗೆ ಹಾಕುತ್ತಿದ್ದರೋ ಯಾರಿಗೆ ಗೊತ್ತು?"

ಅಮ್ಮ ಬಾಯಮ್ಮನ ಕಡೆ ತಿರುಗಿದಳು. ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ದಿನವಿಡೀ ಒದ್ದೆ ಬಟ್ಟೆಯಲ್ಲಿಟ್ಟ ಮೊಗ್ಗು ಎತ್ತಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟುವ ಕೈಗಳು ಅವು. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು.

ಅಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಕರೆಂಟು ಹೊಡೆದ ದಿನವೂ ಅವಳ ಮುಖ ಹಾಗೆ ಆಗಿರಲಿಲ್ಲ. ತನ್ನ ಜೀವವನ್ನು ಒಡ್ಡಿ ನಿಂತರೆ ಉಳಿದವರೆಲ್ಲ ಕ್ಷೇಮ ಎಂದು ಅವಳು ಇಷ್ಟು ದಿನ ನಂಬಿದ್ದಳು. ಒಡ್ಡಿದ್ದು ನಿಜ, ಆದರೆ ಅದರಿಂದ ಯಾರ ಕ್ಷೇಮವೂ ಖಾತ್ರಿಯಾಗಿರಲಿಲ್ಲ.

ಬಾಯಮ್ಮನ ಬಸ್ಸು ತಪ್ಪಿತು. ಮಾವ ಸರಿಯಾದ ಸ್ಕ್ರೂ ಹುಡುಕಿ ಹಾಕಿ, ಮೇಣ ತುಂಬಿ, ಎರಡೂ ರೀತಿಯಲ್ಲಿ ಪ್ಲಗ್ ಹಾಕಿ ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿದ. ಅಮ್ಮ ಮುಟ್ಟಲು ಏಳಲಿಲ್ಲ. ಅವನು ಟೆಸ್ಟರನ್ನು ಅವಳ ಮುಂದೆ ಹಿಡಿದ.

"ಕೈ ಒರೆಸಿಕೊಳ್ಳಿ ಅಕ್ಕ. ಇನ್ನು ಮುಟ್ಟುವುದು ಬೇಡ. ನಾನು ನೋಡಿದ ಮೇಲೆ ನೀವು ಇದರಲ್ಲಿ ನೋಡಿ. ನನ್ನ ಕಣ್ಣು ತಪ್ಪಿದ್ದು ನಿಮ್ಮ ಕಣ್ಣಿಗೆ ಬೀಳಲಿ."

ಅಮ್ಮ ಸೆರಗಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡಳು. ಮಾವನ ಚಪ್ಪಲಿ ಮೆಟ್ಟಿಕೊಂಡು, ಅಡುಗೆಗೆ ಉಪ್ಪು ಹಾಕುವಷ್ಟೇ ಗಮನ ಕೊಟ್ಟು ಒಂದೊಂದು ಸ್ಕ್ರೂವಿಗೂ ಟೆಸ್ಟರ್ ತಾಗಿಸಿದಳು. ತಾನೇ ಪ್ಲಗ್ ತಿರುಗಿಸಿ ಹಾಕಿ ಮತ್ತೆ ನೋಡಿದಳು. ಅಷ್ಟರಲ್ಲಿ ಅಪ್ಪ ಬಂದರು. ಅಂಗಳದಲ್ಲಿ ಸೈಕಲ್ ಹಿಡಿದು ನಿಂತು ನೋಡಿದರು, ಎಂದಿನಂತೆ ತಿರುಗಿಸಿಕೊಂಡು ಹೋಗಲಿಲ್ಲ. ಎಲ್ಲ ಕೇಳಿ ತಿಳಿದ ಮೇಲೆ ರೇಡಿಯೊವನ್ನು ಸೈಕಲ್ಲಿನ ಹಿಂದೆ ಕಟ್ಟಿ, ಬಾಯಮ್ಮನ ಜೊತೆ ಶಂಕರಪುರದವರೆಗೂ ನಡೆದುಕೊಂಡು ಹೋಗಿ ಕೊಟ್ಟುಬಂದರು. ಮಾವನೊಡನೆ ಅವರ ಮಾತು ಮತ್ತೆ ಶುರುವಾದದ್ದು ಅಂದಿನಿಂದ.

ಮಾವ ನಾಲ್ಕೈದು ವರ್ಷದ ನಂತರ ಮಣಿಪಾಲದಲ್ಲಿ ಅಂಗಡಿ ತೆರೆಯುವವರೆಗೂ ನಮ್ಮ ಚಾವಡಿಯಿಂದ ಹೊರಟ ಪ್ರತಿಯೊಂದು ಪೆಟ್ಟಿಗೆಯನ್ನೂ ಅಮ್ಮ ಒಣ ಕೈಯಲ್ಲಿ ನೋಡಿಯೇ ಕಳುಹಿಸಿದಳು. ಒಮ್ಮೊಮ್ಮೆ ಮಾವನ ತಪ್ಪು ಹಿಡಿಯುತ್ತಿದ್ದಳು, ಹಿಡಿದ ದಿನ ಇಬ್ಬರಿಗೂ ಊಟ ಚೆನ್ನಾಗಿ ಸೇರುತ್ತಿತ್ತು.

ಆದರೆ ನನ್ನ ಚಡಪಡಿಕೆ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಬಾಯಮ್ಮ ಬಂದುಹೋದ ಮರುದಿನ ಅಮ್ಮ ಹಿತ್ತಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಅವಳ ಬೆನ್ನಿಗೆ ಆತು ಕೂತೆ. ಅಷ್ಟು ತಿಂಗಳು ಬಾಯಿಗೆ ಬಾರದ ಪ್ರಶ್ನೆ ಆಗ ಬಂತು.

"ಅಮ್ಮಾ, ನಿಮಗೆ ಹೆದರಿಕೆ ಆಗುತ್ತಿರಲಿಲ್ಲವಾ?"

ತುರಿಯುವ ಸದ್ದು ನಿಂತಿತು.

"ಆಗದೆ ಉಂಟಾ ಮಗಾ? ಬಾವಿಯಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ತಿರುಗಿ ಹೋಗುವ ಎಂದು ಕಾಣುತ್ತಿತ್ತು. ನೀನು ಆ ಮಣೆಯ ಮೇಲೆ ನಿಂತಿರುತ್ತಿದ್ದೆಯಲ್ಲ, ಆ ಕಡೆ ತಪ್ಪಿಯೂ ನೋಡುತ್ತಿರಲಿಲ್ಲ. ನೋಡಿದ್ದರೆ ಕೈ ಮುಂದೆ ಹೋಗುತ್ತಿರಲಿಲ್ಲ."

ಅಮ್ಮ ತಿರುಗಿ ನನ್ನ ಮುಖವನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು, ಆ ತಿಂಗಳುಗಳಲ್ಲಿ ನೋಡದೆ ಬಿಟ್ಟದ್ದನ್ನೆಲ್ಲ ಒಮ್ಮೆಗೇ ನೋಡಿ ಮುಗಿಸುವವಳಂತೆ.